ವಾಂತಿ-ಭೇದಿಯಾದ ಮೇಲೆ ದೇಹಕ್ಕೆ ನೀರು, ಉಪ್ಪು ತುಂಬಿಕೊಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ಮದುವೆ, ಜಾತ್ರೆ, ಮಾವಿನ ಹಣ್ಣು ಮೂರೂ ಒಟ್ಟಿಗೆ ಬರುವ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಹೊರಗಿನ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತವರೇ ಜಾಸ್ತಿ. ಇನ್ನು ಕೆಲವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ. “ಸಿಸ್ಟರ್, ಏನು ಕೊಡಲಿ?” ಅಂತ ಶುರುವಾಗುವ ಮಾತಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಆಸ್ಪತ್ರೆಗೆ ಹೊರಡುವ ಮುಂಚಿನ ಗಂಟೆಗಳಲ್ಲಿ ಮನೆಯವರ ಕೈಗೆ ಸಿಗಲಿ ಎಂದು ಬರೆದಿಟ್ಟಿದ್ದೇನೆ. ಮನೆಯಲ್ಲಿ ಯಾರಿಗಾದರೂ ಈಗಲೇ ಎಚ್ಚರ ತಪ್ಪುತ್ತಿದ್ದರೆ, ಭೇದಿಯಲ್ಲಿ ರಕ್ತ ಬೀಳುತ್ತಿದ್ದರೆ ಓದುತ್ತಾ ಕೂರಬೇಡಿ. ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಮದುವೆ ಊಟ ಮಾಡಿ ಬಂದ ರಾತ್ರಿಯೇ ಮನೆಯಲ್ಲಿ ಮೂವರಿಗೆ ವಾಂತಿ, ಭೇದಿ. ಮೊದಲು ಏನು ಮಾಡಬೇಕು?

ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪ್ಯಾಕೆಟ್ ಓಆರ್‌ಎಸ್ ಕರಗಿಸಿ. ದೇಹದಿಂದ ಹೋದ ನೀರು, ಉಪ್ಪನ್ನು ತುಂಬಿಕೊಡಲು ಅಳೆದು ಬೆರೆಸಿದ ಉಪ್ಪು, ಗ್ಲೂಕೋಸಿನ ಪುಡಿ ಅದು. ಗುಟುಕು ಗುಟುಕಾಗಿ ಕುಡಿಸಲು ಶುರು ಮಾಡಿ. ಯಾವ ಪದಾರ್ಥದಿಂದ ಆಯಿತು, ಅಡುಗೆಯವರು ಯಾರು, ಯಾವ ಮಾತ್ರೆ ತರಬೇಕು ಎಂಬುದೆಲ್ಲ ಆಮೇಲಿನ ಮಾತು. ಮೂವರಿಗೂ ಬೇರೆ ಬೇರೆ ಲೋಟ ಇಡಿ. ಯಾರಿಗೆ ಎಷ್ಟು ಸಲ ಭೇದಿಯಾಯಿತು, ಯಾರು ಯಾವಾಗ ಒಂದಕ್ಕೆ ಹೋದರು ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಾ ಹೋಗಿ. ಬೆಳಿಗ್ಗೆ ಡಾಕ್ಟರು ಮೊದಲು ಕೇಳುವುದು ಅದನ್ನೇ. ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಆ ಲೆಕ್ಕ ನೆನಪಿರುವುದಿಲ್ಲ.

ಹೋಗುತ್ತಿರುವುದು ನೀರು ತಾನೇ? ಬರೀ ನೀರು ಕುಡಿದರೆ ಸಾಲದಾ?

ಸಾಲದು. ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಕೂಡ ಹೋಗುತ್ತವೆ. ಇವನ್ನೇ ಎಲೆಕ್ಟ್ರೊಲೈಟ್ ಅನ್ನುವುದು. ನಾವು ಮನೆಮಾತಿನಲ್ಲಿ ‘ಉಪ್ಪಿನಂಶ’ ಅನ್ನುತ್ತೇವೆ. ನರ, ಮಾಂಸಖಂಡ, ಎದೆಬಡಿತ ಎಲ್ಲವೂ ನಡೆಯುವುದು ಇವುಗಳ ಬಲದಿಂದ. ಭೇದಿಯಾದವರಿಗೆ ಮೀನಖಂಡ ಹಿಡಿದುಕೊಳ್ಳುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಕೈಕಾಲಿನಲ್ಲಿ ಶಕ್ತಿಯೇ ಇಲ್ಲದಂತಾಗುವುದು ನೀರು, ಉಪ್ಪು ಎರಡೂ ಹೋಗಿದ್ದರಿಂದ. ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿದರೆ ರಕ್ತದಲ್ಲಿ ಉಳಿದಿರುವ ಸೋಡಿಯಂ ಇನ್ನೂ ತೆಳ್ಳಗಾಗುತ್ತದೆ. ಅದು ತೀರಾ ಇಳಿದರೆ ಮಂಪರು, ತಲೆ ಗೊಂದಲ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು.

ಹಾಗಾದರೆ ಉಪ್ಪುನೀರು ಸಾಕಲ್ವಾ? ಸಕ್ಕರೆ ಯಾಕೆ ಬೇಕು?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ನಮ್ಮ ಸಣ್ಣಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿಯೇ ಒಳಗೆಳೆದುಕೊಳ್ಳುವ ಒಂದು ದಾರಿ ಇದೆ. ಜೋಡಿ ಎತ್ತು ಎಂದುಕೊಳ್ಳಿ. ನೊಗಕ್ಕೆ ಎರಡೂ ಹೆಗಲು ಕೊಟ್ಟರೆ ಗಾಡಿ ಸಾಗುತ್ತದೆ. ಒಂದನ್ನೇ ಕಟ್ಟಿದರೆ ನಿಂತಲ್ಲೇ ನಿಲ್ಲುತ್ತದೆ. ಇಲ್ಲಿ ಗಾಡಿಯಲ್ಲಿರುವುದು ನೀರು. ಉಪ್ಪು, ಸಕ್ಕರೆ ಒಳಗೆ ಹೋದರೆ ನೀರೂ ಹಿಂದೆಯೇ ಹೋಗುತ್ತದೆ. ಹೊಟ್ಟೆ ಎಷ್ಟು ಕೆಟ್ಟಿದ್ದರೂ, ಕಾಲರಾದಂಥ ಕಾಯಿಲೆಯಲ್ಲೂ ಈ ದಾರಿ ತೆರೆದೇ ಇರುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದನ್ನು ಮೊದಲು ವಿವರಿಸಿದರು. ಓಆರ್‌ಎಸ್ ಕೆಲಸ ಮಾಡುವುದು ಈ ದಾರಿಯಿಂದಲೇ.

ಸಕ್ಕರೆ ಜಾಸ್ತಿಯಾದರೂ ಕೆಲಸ ಕೆಡುತ್ತದೆ. ಹೀರಿಕೊಳ್ಳಲಾಗದೆ ಉಳಿದ ಸಕ್ಕರೆ ದೇಹದ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಭೇದಿ ಇನ್ನೂ ಹೆಚ್ಚುತ್ತದೆ. ಅದಕ್ಕೇ ಅಳತೆ, ಅಳತೆ ಎಂದು ನಾವು ಬಡಿದುಕೊಳ್ಳುವುದು.

ಪ್ಯಾಕೆಟ್ ಕಲಸುವುದರಲ್ಲಿ ಏನಿದೆ? ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಿಕೊಂಡರಾಯಿತಲ್ವಾ?

ಹಾಗೆ ಮಾತ್ರ ಮಾಡಬೇಡಿ. ನಾನು ನೋಡಿರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಆಗುವುದು.

ಪ್ಯಾಕೆಟ್ ಎರಡು ಅಳತೆಯಲ್ಲಿ ಬರುತ್ತದೆ. ಸುಮಾರು 21 ಗ್ರಾಂ ಇರುವ ದೊಡ್ಡದು ಒಂದು ಲೀಟರ್ ನೀರಿಗೆ. ಸುಮಾರು 4 ಗ್ರಾಂ ಇರುವ ಚಿಕ್ಕದು 200 ಎಂಎಲ್ ನೀರಿಗೆ, ಅಂದರೆ ಒಂದು ದೊಡ್ಡ ಲೋಟಕ್ಕೆ. ಎಷ್ಟು ನೀರಿಗೆ ಎಂಬುದು ಪ್ಯಾಕೆಟ್ಟಿನ ಮೇಲೆಯೇ ಬರೆದಿರುತ್ತದೆ. ಯಾವುದೇ ಆಗಲಿ, ಇಡೀ ಪ್ಯಾಕೆಟ್ಟನ್ನು ಒಂದೇ ಸಲ ಸುರಿಯಬೇಕು. ಅರ್ಧ ಹಾಕಿ ಅರ್ಧ ಮಡಚಿಟ್ಟರೆ ಒಳಗಿನ ಪುಡಿ ಸಮನಾಗಿ ಬೆರೆತಿರುತ್ತದೆ ಎಂಬ ಭರವಸೆ ಇಲ್ಲ. ಗಾಳಿ ಆಡಿ ಗಟ್ಟಿಯೂ ಆಗುತ್ತದೆ.

ಮುಳಬಾಗಿಲು ಕಡೆಯ ಹಳ್ಳಿಯ ಒಬ್ಬ ತಾಯಿ ಎರಡು ವರ್ಷದ ಮಗುವಿಗೆ ದೊಡ್ಡ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಕಲಸಿ ಕುಡಿಸುತ್ತಿದ್ದರು. ಗಟ್ಟಿಯಾಗಿ ಕೊಟ್ಟರೆ ಬೇಗ ಶಕ್ತಿ ಬರುತ್ತದೆ ಎಂಬ ಆಸೆ. ಮಗು ಕುಡಿದಷ್ಟೂ ಬಾಯಾರಿಕೆ ಎಂದು ಅಳುತ್ತಿತ್ತು. ಐದು ಪಾಲು ಗಟ್ಟಿಯಾದ ಉಪ್ಪುನೀರು ಅದು. ರಕ್ತದಲ್ಲಿ ಸೋಡಿಯಂ ಏರಿ ಮಗುವಿನ ಮಿದುಳಿಗೇ ಪೆಟ್ಟಾಗಬಹುದಿತ್ತು. ಪುಣ್ಯಕ್ಕೆ ಬೇಗ ಕರೆತಂದರು, ಮಗು ಹುಷಾರಾಯಿತು. ಆ ತಾಯಿಯ ತಪ್ಪೇನೂ ಇಲ್ಲ. ಪ್ಯಾಕೆಟ್ ಕೈಗೆ ಕೊಟ್ಟವರು ಕಲಸುವುದು ಹೇಗೆ ಎಂದು ಒಂದು ಮಾತು ಹೇಳಿರಲಿಲ್ಲ.

ಮನೆಯಲ್ಲಿ ಒಂದು ಲೀಟರಿನ ನೀರಿನ ಬಾಟಲಿ ತೊಳೆದು ಇಟ್ಟುಕೊಳ್ಳಿ. ಅದರಲ್ಲಿ ಅಳೆದು ಪಾತ್ರೆಗೆ ಸುರಿದು, ಪುಡಿ ಹಾಕಿ, ಪೂರ್ತಿ ಕರಗುವ ತನಕ ತಿರುಗಿಸಿ. ಮುಚ್ಚಿಡಿ. ಬಿಸಿ ಮಾಡಬೇಡಿ. ಸಕ್ಕರೆ, ಹಾಲು, ಜ್ಯೂಸ್ ಏನೂ ಬೆರೆಸಬೇಡಿ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ.

ಒಳಗೆ ಇರುವುದಾದರೂ ಏನು?

ಒಂದು ಲೀಟರಿನ ಲೆಕ್ಕದಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಒಟ್ಟು 20.5 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಈ ಅಳತೆಗೆ ಬಂದವು. ಹಳೆಯದರಲ್ಲಿ ಉಪ್ಪು, ಗ್ಲೂಕೋಸ್ ಎರಡೂ ಇನ್ನೂ ಜಾಸ್ತಿ ಇದ್ದವು. ತೆಳುವಾದ ಹೊಸ ಅಳತೆಯಿಂದ ಮಕ್ಕಳಿಗೆ ವಾಂತಿಯೂ ಕಡಿಮೆ, ಡ್ರಿಪ್ ಹಾಕಬೇಕಾಗಿ ಬರುವುದೂ ಕಡಿಮೆ.

ಹೊತ್ತಲ್ಲದ ಹೊತ್ತು, ಮೆಡಿಕಲ್ ಸ್ಟೋರ್ ಮುಚ್ಚಿದೆ. ಮನೆಯಲ್ಲೇ ಮಾಡಿಕೊಳ್ಳಬಹುದಾ?

ಖಂಡಿತ ಮಾಡಿಕೊಳ್ಳಬಹುದು. ಒಂದು ಲೀಟರ್ ಶುದ್ಧ ನೀರು, ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಮಟ್ಟಸವಾಗಿ ಅರ್ಧ ಟೀ ಚಮಚ ಪುಡಿ ಉಪ್ಪು. ಚಮಚದ ಮೇಲೆ ಗುಪ್ಪೆ ಇರಬಾರದು, ಚಾಕುವಿನ ಬೆನ್ನಿನಿಂದ ಸವರಿ. ಟೀ ಚಮಚ ಅಂದರೆ ಔಷಧಿಯ ಬಾಟಲಿ ಜೊತೆ ಬರುವ 5 ಎಂಎಲ್ ಚಮಚ. ಸಾರು ಬಡಿಸುವ ಚಮಚ, ಊಟದ ಚಮಚ ಬೇಡ. ಕಲಸಿದ ಮೇಲೆ ಒಂದು ಹನಿ ನಾಲಿಗೆಗೆ ಹಾಕಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ.

ಕಲ್ಲುಪ್ಪೇ ಇರುವುದಾದರೆ ಮೊದಲು ಕುಟ್ಟಿ ಪುಡಿ ಮಾಡಿ, ಆಮೇಲೆ ಅಳೆಯಿರಿ. ಹರಳಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಬೆಲ್ಲದಲ್ಲೂ ಆಗುತ್ತದೆ. ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸೇವಾ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ ಅರ್ಧ ಸೇರು ನೀರಿಗೆ ಒಂದು ಹಿಡಿ ಬೆಲ್ಲ, ಮೂರು ಬೆರಳಿನ ಚಿಟಿಕೆ ಉಪ್ಪು ಎಂದು ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಒಂದು ಕೋಟಿಗೂ ಹೆಚ್ಚು ಮನೆಗಳನ್ನು ಅವರು ಮುಟ್ಟಿದರು. ಓದು ಬರಹ ಬಾರದ ತಾಯಂದಿರೂ ಸರಿಯಾಗಿ ಕಲಿತರು. ಆದರೂ ಬೆಲ್ಲದ ಒಂದೊಂದು ಅಚ್ಚು ಒಂದೊಂದು ಥರ ಇರುವುದರಿಂದ, ಸಕ್ಕರೆ ಇದ್ದರೆ ಸಕ್ಕರೆಯೇ ಸುಲಭ.

ಮನೆಯ ಉಪ್ಪು-ಸಕ್ಕರೆ ನೀರಿನಲ್ಲಿ ಪೊಟ್ಯಾಸಿಯಂ ಇರುವುದಿಲ್ಲ. ಜೊತೆಗೆ ಬಾಳೆಹಣ್ಣು, ಎಳನೀರು ಕೊಟ್ಟು ಅದನ್ನು ತುಂಬಿಕೊಳ್ಳಬಹುದು. ಬೆಳಕು ಹರಿದ ಮೇಲೆ ಪ್ಯಾಕೆಟ್ ತರಿಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡು ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆಯರ ಹತ್ತಿರವೂ ಇರುತ್ತದೆ. ಸುಮ್ನೆ ಎರಡು ಪ್ಯಾಕೆಟ್ ತಂದು ಮನೆಯಲ್ಲಿ ಇಟ್ಟಿರಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಯಾವ ನೀರಿನಲ್ಲಿ ಕಲಸಬೇಕು?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರೆಲ್ಲ ಇದನ್ನು ಕೇಳುತ್ತಾರೆ, ಕೇಳಲೇಬೇಕಾದ್ದು. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಇದ್ದರೆ ಅದೇ ಒಳ್ಳೆಯದು. ಅದನ್ನೂ ಈ ದಿನಗಳಲ್ಲಿ ಒಂದು ಸಲ ಕುದಿಸಿ ಆರಿಸಿಕೊಳ್ಳಿ. ಘಟಕದಲ್ಲಿ ನೀರು ಶುದ್ಧವಾಗಿಯೇ ಬರುತ್ತದೆ. ಆಮೇಲೆ ತೊಳೆಯದ ಕ್ಯಾನು, ಕೈ ಅದ್ದಿದ ಚೊಂಬು ಸೇರಿ ಕೆಡಿಸುತ್ತವೆ.

ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ ಎಂಬುದು ನಿಜ. ಆದರೆ ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುವುದು ವರ್ಷಗಟ್ಟಲೆ ಕುಡಿದಾಗ. ಭೇದಿಯಲ್ಲಿ ನೀರು ಬತ್ತಿದರೆ ಪುಟ್ಟ ಮಗುವಿನ ಜೀವ ಒಂದೇ ದಿನದಲ್ಲಿ ಹೋಗಬಹುದು. ಬೋರ್ ನೀರು ಬಿಟ್ಟರೆ ಬೇರೆ ಇಲ್ಲದ ರಾತ್ರಿ, ಅದನ್ನೇ ಕುದಿಸಿ ಆರಿಸಿ ಕಲಸಿ ಕೊಡಿ. ಹಿಂದೆಮುಂದೆ ನೋಡಬೇಡಿ.

ಕುಡಿಸಿದ ತಕ್ಷಣ ವಾಂತಿ ಮಾಡಿಬಿಡುತ್ತಾರೆ. ಏನೂ ನಿಲ್ಲುತ್ತಿಲ್ಲ. ಕೊಡುವುದನ್ನೇ ನಿಲ್ಲಿಸಲಾ?

ನಿಲ್ಲಿಸಬೇಡಿ, ನಿಧಾನ ಮಾಡಿ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಡಿ. ಆಮೇಲೆ ಎರಡು ಮೂರು ನಿಮಿಷಕ್ಕೆ ಒಂದು ಚಮಚದ ಹಾಗೆ ಕೊಡಿ. ಲೋಟ ಬಾಯಿಗಿಟ್ಟು ಗಟಗಟ ಕುಡಿಸಿದರೆ ಹೊಟ್ಟೆ ಹಿಗ್ಗಿ ಮತ್ತೆ ವಾಂತಿಯಾಗುತ್ತದೆ. ಬಾಯಾರಿದವರು ಲೋಟ ಕಿತ್ತುಕೊಂಡು ಕುಡಿಯಲು ನೋಡುತ್ತಾರೆ. ಆ ಹೊತ್ತು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

“ಒಂದು ಚಮಚದಿಂದ ಏನಾಗುತ್ತೆ ಸಿಸ್ಟರ್?” ಎಂದು ಕೇಳುತ್ತಾರೆ. ಲೆಕ್ಕ ಹಾಕಿ. ಎರಡು ನಿಮಿಷಕ್ಕೆ 5 ಎಂಎಲ್ ಅಂದರೆ ಗಂಟೆಗೆ 150 ಎಂಎಲ್. ನಾಲ್ಕು ಗಂಟೆಗೆ ಅರ್ಧ ಲೀಟರ್ ದಾಟುತ್ತದೆ. ಪುಟ್ಟ ಮಗುವಿಗೆ ಅದು ಬಹಳ ದೊಡ್ಡ ಅಳತೆ. ವಾಂತಿಯಾದರೂ ಕುಡಿದದ್ದೆಲ್ಲ ಆಚೆ ಬರುವುದಿಲ್ಲ, ಒಂದಷ್ಟು ಒಳಗೆ ಇಳಿದಿರುತ್ತದೆ.

ಒಂದು ರಾತ್ರಿ ನಮ್ಮ ಕೇಂದ್ರಕ್ಕೆ ಮೊಮ್ಮಗನನ್ನು ಎತ್ತಿಕೊಂಡು ಬಂದ ಅಜ್ಜಿಯೊಬ್ಬರ ಕೈಗೆ ಚಮಚ ಕೊಟ್ಟೆ. ಗೋಡೆ ಗಡಿಯಾರದ ಮುಳ್ಳು ತೋರಿಸಿ, ಅದು ಎರಡು ಗೆರೆ ದಾಟಿದಾಗೆಲ್ಲ ಒಂದು ಚಮಚ ಅಂದೆ. ಅವರು ಕಣ್ಣು ಮಿಟುಕಿಸದೆ ಕೂತರು. ಸೊಸೆ ನಾನು ಕೊಡ್ತೀನಿ ಅಂದರೂ ಬಿಡಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ “ಅಮ್ಮಾ, ಮಗು ಒಂದ ಮಾಡ್ಕೊಂಡ” ಎಂದು ಕೂಗಿ ಕರೆದರು. ಸೀರೆ ಪೂರ್ತಿ ಒದ್ದೆ. ಅಷ್ಟು ಸಂತೋಷದ ಮುಖ ನಾನು ಅಪರೂಪಕ್ಕೆ ನೋಡಿದ್ದೇನೆ.

ಹೀಗೆ ಕೊಟ್ಟೂ ಎಲ್ಲವೂ ಆಚೆ ಬರುತ್ತಿದ್ದರೆ ಆಸ್ಪತ್ರೆಗೆ ಹೋಗಿ. ವಾಂತಿ ತಡೆಯುವ ಔಷಧಿಯನ್ನು ಡಾಕ್ಟರು ನೋಡಿ ಕೊಡುತ್ತಾರೆ.

ಎಷ್ಟು ಕುಡಿಸಬೇಕು?

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗಲೂ 50ರಿಂದ 100 ಎಂಎಲ್. ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಎಂಎಲ್. ದೊಡ್ಡವರಿಗೆ ಬೇಕೆನಿಸಿದಷ್ಟು, ಪ್ರತಿ ಭೇದಿಗೂ ಒಂದು ದೊಡ್ಡ ಲೋಟಕ್ಕೆ ಕಡಿಮೆಯಾಗದಂತೆ. ಮಗುವಿನಲ್ಲಿ ನೀರು ಬತ್ತಿದ ಗುರುತು ಆಗಲೇ ಕಾಣುತ್ತಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೂರಿಸಿಕೊಂಡು ಕೆಜಿಗೆ 75 ಎಂಎಲ್ ಲೆಕ್ಕದಲ್ಲಿ ನಾಲ್ಕು ಗಂಟೆಯೊಳಗೆ ಕುಡಿಸುತ್ತೇವೆ. ಹತ್ತು ಕೆಜಿ ಮಗುವಿಗೆ 750 ಎಂಎಲ್ ಆಯಿತು. ಆಮೇಲೆ ಮತ್ತೆ ಪರೀಕ್ಷೆ ಮಾಡುತ್ತೇವೆ.

ಸಾಕಾಯಿತಾ ಎಂದು ತಿಳಿಯುವುದು ಮೂತ್ರದಿಂದ. ಮೂರು ನಾಲ್ಕು ಗಂಟೆಗೊಮ್ಮೆ, ತಿಳಿ ಹಳದಿ ಬಣ್ಣದಲ್ಲಿ ಹೋಗುತ್ತಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಓಆರ್‌ಎಸ್ ಕುಡಿದು ಅರ್ಧ ದಿನವಾಯಿತು. ಭೇದಿ ನಿಂತಿಲ್ಲ. ಔಷಧಿ ಹಿಡಿಯಲಿಲ್ಲವಾ?

ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧಿಯಲ್ಲ. ಇದು ಗೊತ್ತಿಲ್ಲದೆಯೇ ಜನ ಅರ್ಧಕ್ಕೆ ಬಿಟ್ಟುಬಿಡುತ್ತಾರೆ. ಕೆರೆಯ ತೂಬು ತೆರೆದಿದೆ, ನೀರು ಹೋಗುತ್ತಿದೆ. ತೂಬು ತಾನಾಗಿ ಮುಚ್ಚಿಕೊಳ್ಳಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಕೆರೆ ಬತ್ತದಂತೆ ಮೇಲಿನಿಂದ ನೀರು ಬಿಡುತ್ತಲೇ ಇರಬೇಕು. ನಮ್ಮ ಜಿಲ್ಲೆಯವರಿಗೆ ಬತ್ತಿದ ಕೆರೆ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಡ್ರಿಪ್ ಹಾಕಿಸಿದರೆ ಬೇಗ ಹುಷಾರಾಗುತ್ತಾರಲ್ವಾ?

“ಒಂದು ಗ್ಲೂಕೋಸ್ ಬಾಟ್ಲಿ ಹಾಕಿಬಿಡಿ ಸಿಸ್ಟರ್” ಎಂದು ಎದ್ದು ನಡೆದಾಡುವವರೂ ಕೇಳುತ್ತಾರೆ. ಬಾಯಿಂದ ಕುಡಿಯಬಲ್ಲವರಿಗೆ, ಕುಡಿದದ್ದು ನಿಲ್ಲುತ್ತಿರುವವರಿಗೆ ಓಆರ್‌ಎಸ್ ಡ್ರಿಪ್ಪಿನಷ್ಟೇ ಕೆಲಸ ಮಾಡುತ್ತದೆ. ಸೂಜಿಯ ನೋವಿಲ್ಲ, ಸೋಂಕಿನ ಭಯವಿಲ್ಲ, ಖರ್ಚಿಲ್ಲ. ಇನ್ನೊಂದು ಮಾತು. ಬರೀ ಗ್ಲೂಕೋಸಿನ ಬಾಟಲಿಯಲ್ಲಿ ಉಪ್ಪಿನಂಶವೇ ಇರುವುದಿಲ್ಲ. ನೀರು ತೀರಾ ಬತ್ತಿದವರಿಗೆ ಡಾಕ್ಟರು ಹಾಕುವುದು ಉಪ್ಪಿನಂಶ ಇರುವ ರಿಂಗರ್ ಲ್ಯಾಕ್ಟೇಟ್ ಅಥವಾ ನಾರ್ಮಲ್ ಸಲೈನ್ ಬಾಟಲಿ.

ನಮ್ಮ ತಂದೆಯ ವಿಷಯದಲ್ಲಿ ನನಗೆ ಇನ್ನೂ ನೋವಿದೆ. ನಾನು ಊರಲ್ಲಿ ಇಲ್ಲದ ದಿನ ಹೊಟ್ಟೆ ಕೆಟ್ಟು ಒಂದು ಕ್ಲಿನಿಕ್ಕಿಗೆ ಹೋಗಿದ್ದರು. ನೀರು ಕುಡಿಯಬಲ್ಲವರು, ಮಾತಾಡುತ್ತಿದ್ದವರು. ನಾಲ್ಕು ಗಂಟೆ ಡ್ರಿಪ್ ಹಾಕಿ ಮಲಗಿಸಿದ್ದಾರೆ. ಅಷ್ಟು ಹೊತ್ತೂ ಬಾಯಿಗೆ ಒಂದು ಲೋಟ ನೀರು ಕೊಟ್ಟಿಲ್ಲ. ಮನೆಗೆ ಕಳಿಸುವಾಗ ಒಂದು ಪ್ಯಾಕೆಟ್ ಓಆರ್‌ಎಸ್ ಬರೆದುಕೊಟ್ಟಿಲ್ಲ. ರಾತ್ರಿ ಮತ್ತೆ ಭೇದಿ ಶುರುವಾಗಿ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದರು.

ಬಾಯಿಂದ ಕುಡಿಸುವುದು ಬಡವರ ಪಾಲಿನ ಅರೆಬರೆ ಚಿಕಿತ್ಸೆ ಎಂದುಕೊಂಡವರಿಗೆ ನಾನು ಡಾ. ದಿಲೀಪ್ ಮಹಲನಬಿಸ್ ಅವರ ಕಥೆ ಹೇಳುತ್ತೇನೆ. 1971ರ ಬಾಂಗ್ಲಾ ಯುದ್ಧದ ಹೊತ್ತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರು ತುಂಬಿದ್ದರು, ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಅವರು ಉಪ್ಪು, ಅಡುಗೆ ಸೋಡ, ಗ್ಲೂಕೋಸನ್ನು ಅಳೆದು ಪೊಟ್ಟಣ ಕಟ್ಟಿಸಿ, ನೀರಿನ ಡ್ರಮ್ಮಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಶೇ. 30ರ ಆಸುಪಾಸು ಇದ್ದ ಸಾವು ಶೇ. 3.6ಕ್ಕೆ ಇಳಿಯಿತು. ಕುಡಿಸಿದವರು ಅಮ್ಮ, ಅಣ್ಣ, ಅಕ್ಕ, ಮಗಳು. ಡಾ. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು.

ಡ್ರಿಪ್ ಬೇಕಾಗುವ ಹೊತ್ತೂ ಇದೆ. ಎಚ್ಚರವಿಲ್ಲದವರಿಗೆ, ಕುಡಿಯಲಾಗದವರಿಗೆ, ಹೊಟ್ಟೆ ಉಬ್ಬಿ ಬಿಗಿದವರಿಗೆ, ನಾಡಿ ಬಡಿತ ತೀರಾ ಮೆತ್ತಗಾಗಿ ಕೈಕಾಲು ತಣ್ಣಗಾದವರಿಗೆ ಅದೇ ಜೀವ ಉಳಿಸುವುದು. ಆಗ ತಡ ಮಾಡಬಾರದು.

ಎಳನೀರು, ಮಜ್ಜಿಗೆ, ಗಂಜಿ ಕೊಡಬಹುದಾ?

ಕೊಡಿ, ಓಆರ್‌ಎಸ್ ಜೊತೆಗೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಹಾಗಾಗಿ ಅದೊಂದನ್ನೇ ನಂಬಿ ಕೂರಬಾರದು. ಉಪ್ಪು ಹಾಕಿದ ನೀರು ಮಜ್ಜಿಗೆ ಒಳ್ಳೆಯದು. ಉಪ್ಪು ಹಾಕಿದ ಅಕ್ಕಿ ಗಂಜಿ ತುಂಬಾ ಒಳ್ಳೆಯದು, ಅದರ ಪಿಷ್ಟ ಹೊಟ್ಟೆಯಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ. ಮಜ್ಜಿಗೆ ಬೆರೆಸಿದ ತೆಳ್ಳನೆಯ ರಾಗಿ ಅಂಬಲಿಯೂ ಆಗುತ್ತದೆ. ಅವತ್ತೇ ಕಾಯಿಸಿದ್ದಾಗಿರಲಿ, ಹಸಿಮೆಣಸಿನಕಾಯಿ, ಈರುಳ್ಳಿ ಬೇಡ.

ತಂಪು ಪಾನೀಯ, ಗ್ಲೂಕೋಸ್ ಪುಡಿ, ಅಂಗಡಿಯ ಜ್ಯೂಸ್?

ಬೇಡ. ಸಕ್ಕರೆ ವಿಪರೀತ, ಉಪ್ಪು ಇಲ್ಲವೇ ಇಲ್ಲ ಎನ್ನುವಷ್ಟು. ಮೇಲೆ ಹೇಳಿದ ಹಾಗೆ ಭೇದಿ ಹೆಚ್ಚಾಗುತ್ತದೆ. ಸೋಡಾಕ್ಕೆ ಉಪ್ಪು, ನಿಂಬೆಹಣ್ಣು ಹಿಂಡಿ ಕುಡಿದರೆ ತೇಗು ಬಂದು ಹಗುರ ಅನಿಸಬಹುದು. ಹೋದ ನೀರು, ಉಪ್ಪು ಅದರಿಂದ ತುಂಬುವುದಿಲ್ಲ.

ಅಂಗಡಿಯಲ್ಲಿ ಸಿಗುವ ರೆಡಿ ಓಆರ್‌ಎಸ್ ಡಬ್ಬ ತರಬಹುದಾ?

ಹುಷಾರಾಗಿ ನೋಡಿ ತನ್ನಿ. ಹಣ್ಣಿನ ರುಚಿಯ ಸಕ್ಕರೆ ಪಾನೀಯಗಳನ್ನೇ ಓಆರ್‌ಎಸ್ ಎಂಬ ಹೆಸರು ಸೇರಿಸಿ ವರ್ಷಗಟ್ಟಲೆ ಮಾರಿದರು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಹಲವು ವರ್ಷ ಹೋರಾಡಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಸರಿಯಾದ ಅಳತೆಯಲ್ಲಿಲ್ಲದ ಯಾವ ಪಾನೀಯವೂ ಆ ಹೆಸರು ಬಳಸುವಂತಿಲ್ಲ ಎಂದು ಆದೇಶ ಮಾಡಿತು. ಆ ತಾಯಿಗೆ ನಮ್ಮಂಥವರು ಎಷ್ಟು ಕೈ ಮುಗಿದರೂ ಕಡಿಮೆಯೇ. ನೀವು ಕೊಳ್ಳುವಾಗ ‘ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯದ್ದೇ ಕೊಡಿ’ ಎಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ. ಪುಡಿಯ ಪ್ಯಾಕೆಟ್ ಅಗ್ಗವೂ ಹೌದು.

ಹೊಟ್ಟೆಗೆ ಏನೂ ಕೊಡದೆ ಲಂಘನ ಹಾಕಿಸಿದರೆ ಬೇಗ ಸರಿಹೋಗಲ್ವಾ?

ಹಿರಿಯರು ಹೇಳುತ್ತಾರೆ, ಅವರ ಮನಸ್ಸು ನೋಯಿಸಬೇಡಿ, ಆದರೆ ಮಕ್ಕಳಿಗೆ ಮಾತ್ರ ಉಪವಾಸ ಬೇಡ. ವಾಂತಿ ತಗ್ಗಿದ ಕೂಡಲೇ ಸ್ವಲ್ಪ ಸ್ವಲ್ಪವಾಗಿ ಕೊಡಿ. ಮೆತ್ತಗೆ ಬೆಂದ ಅನ್ನಕ್ಕೆ ಮಜ್ಜಿಗೆ, ಹೆಸರುಬೇಳೆ ಕಟ್ಟು, ಇಡ್ಲಿ, ಬಾಳೆಹಣ್ಣು, ಪುಟ್ಟ ಮಕ್ಕಳಿಗೆ ರಾಗಿ ಸರಿ. ಮುದ್ದೆ, ಬಸ್ಸಾರು ಒಂದೆರಡು ದಿನ ಕಳೆದ ಮೇಲೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅಂದರೆ ಕೆಲವು ದಿನ ಹಾಲಿನ ಬದಲು ಮೊಸರು ಇರಲಿ.

ಎದೆಹಾಲು ಕುಡಿಯುವ ಕೂಸಿಗೆ?

ಎದೆಹಾಲು ನಿಲ್ಲಿಸಲೇಬಾರದು, ಇನ್ನೂ ಹೆಚ್ಚು ಸಲ ಕೊಡಿ. ಮಧ್ಯೆ ಮಧ್ಯೆ ಚಮಚದಲ್ಲಿ ಓಆರ್‌ಎಸ್. ಹಾಲಿನ ಬಾಟಲಿ ಬೇಡ. ಆರು ತಿಂಗಳೊಳಗಿನ ಕೂಸಾದರೆ ಮನೆಯಲ್ಲೇ ನೋಡೋಣ ಅನ್ನದೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಜಿಂಕ್ ಮಾತ್ರೆ ಕೊಟ್ಟಿದ್ದಾರೆ. ಭೇದಿ ನಿಂತ ಮೇಲೂ ಯಾಕೆ?

ಹದಿನಾಲ್ಕು ದಿನವೂ ಕೊಡಿ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ. ಅದಕ್ಕಿಂತ ಚಿಕ್ಕ ಕೂಸಿಗೆ ಡಾಕ್ಟರು ಹೇಳಿದರೆ 10. ಚಮಚದಲ್ಲಿ ನೀರಿಗೋ ಎದೆಹಾಲಿಗೋ ಹಾಕಿದರೆ ಕರಗುತ್ತದೆ. ಈ ಸಲದ ಭೇದಿ ಬೇಗ ತಗ್ಗುತ್ತದೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬರುವುದೂ ಕಡಿಮೆಯಾಗುತ್ತದೆ.

ಭೇದಿ ಕಟ್ಟುವ ಮಾತ್ರೆ, ಆಂಟಿಬಯೋಟಿಕ್ ತಂದು ನುಂಗಬಹುದಾ?

ನೀವಾಗಿಯೇ ತರಬೇಡಿ. ಭೇದಿ ಕಟ್ಟುವ ಲೋಪೆರಮೈಡ್ ಮಕ್ಕಳಿಗೆ ಕೊಡಲೇಬಾರದು. ಜ್ವರ, ರಕ್ತಭೇದಿ ಇರುವ ದೊಡ್ಡವರಿಗೂ ಬೇಡ. ಊಟದ ವಿಷಕ್ಕೆ ಹೆಚ್ಚಿನ ಸಲ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ.

ಒಂದೇ ಊಟ ಮಾಡಿದವರಲ್ಲಿ ಒಬ್ಬರಿಗೆ ಎರಡು ಗಂಟೆಗೇ ಬರುತ್ತದೆ, ಇನ್ನೊಬ್ಬರಿಗೆ ಮರುದಿನ. ಯಾಕೆ?

ಕಾರಣ ಒಂದೇ ಇರುವುದಿಲ್ಲ. ಅಡುಗೆಯವರ ಕೈ ಗಾಯದಿಂದ ಬರುವ ಸ್ಟೆಫೈಲೊಕಾಕಸ್ ಎಂಬ ರೋಗಾಣು ಊಟದಲ್ಲೇ ವಿಷ ಮಾಡಿಟ್ಟಿರುತ್ತದೆ. ಅದಕ್ಕೇ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಜೋರು ವಾಂತಿ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ರಾತ್ರಿಯ ಅನ್ನವನ್ನು ಹಾಗೇ ಇಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿದಾಗ ಬರುವ ಬ್ಯಾಸಿಲಸ್ ಸೀರಿಯಸ್ಸಿನದೂ ಅದೇ ದಾರಿ. ಬಾಡೂಟದ ದೊಡ್ಡ ಹಂಡೆಯಲ್ಲಿ ಸಾರು ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಕ್ಲಾಸ್ಟ್ರಿಡಿಯಂ ಬೆಳೆಯುತ್ತದೆ. ಆಗ 6ರಿಂದ 24 ಗಂಟೆಯಲ್ಲಿ ಹೊಟ್ಟೆನೋವು, ಭೇದಿ. ಸಾಲ್ಮೊನೆಲ್ಲಾ ಸಾಮಾನ್ಯವಾಗಿ ಆರು ಗಂಟೆಯ ನಂತರ, ಕೆಲವೊಮ್ಮೆ ಎರಡು ಮೂರು ದಿನ ಬಿಟ್ಟು, ಜ್ವರದ ಜೊತೆ ಬರುತ್ತದೆ. ಯಾವುದೇ ಆಗಿರಲಿ, ಮನೆಯಲ್ಲಿ ನೀವು ಮಾಡಬೇಕಾದ ಮೊದಲ ಕೆಲಸ ಬದಲಾಗುವುದಿಲ್ಲ.

ಶುಗರ್, ಬಿಪಿ ಇರುವವರು ಓಆರ್‌ಎಸ್ ಕುಡಿಯಬಹುದಾ?

ಶುಗರ್ ಇದ್ದವರೂ ಕುಡಿಯಬೇಕು. ಒಂದು ಲೀಟರಿನಲ್ಲಿ ಇರುವುದು ಸುಮಾರು ಮೂರು ಟೀ ಚಮಚದಷ್ಟು ಗ್ಲೂಕೋಸ್. ಮನೆಯಲ್ಲಿ ಕಲಸುವುದರಲ್ಲಿ ಅದರ ಎರಡರಷ್ಟು ಸಕ್ಕರೆ ಇರುವುದರಿಂದ ಇವರಿಗೆ ಪ್ಯಾಕೆಟ್ಟೇ ಉತ್ತಮ. ದಿನಕ್ಕೆ ನಾಲ್ಕೈದು ಸಲ ಶುಗರ್ ನೋಡಿಕೊಳ್ಳಿ. ಶುಗರ್ ಮಾತ್ರೆ, ಇನ್ಸುಲಿನ್, ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೋಗಿಸುವ ಮಾತ್ರೆ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ನೀರು ಬತ್ತಿದಾಗ ಕೆಲವನ್ನು ತಡೆಹಿಡಿಯಬೇಕಾಗುತ್ತದೆ. ಕಿಡ್ನಿ ತೊಂದರೆ, ಹೃದಯದ ತೊಂದರೆ ಇದ್ದವರು ಎಷ್ಟು ಕುಡಿಯಬೇಕು ಎಂಬುದನ್ನು ಡಾಕ್ಟರೇ ಹೇಳಬೇಕು.

ಯಾವಾಗ ಆಸ್ಪತ್ರೆಗೆ ಓಡಬೇಕು?

ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ. ತಟ್ಟನೆ ಹಿಂದೆ ಹೋಗಬೇಕು. ನಿಧಾನವಾಗಿ ಇಳಿದರೆ ನೀರು ಬತ್ತಿದೆ ಎಂದರ್ಥ. ಕಣ್ಣು ಗುಳಿ ಬಿದ್ದಿದೆಯಾ, ಅತ್ತರೆ ಕಣ್ಣೀರು ಬರುತ್ತಿದೆಯಾ, ನಾಲಿಗೆ ಒಣಗಿದೆಯಾ, ಕೂಸಾದರೆ ನೆತ್ತಿ ಒಳಗೆ ಹೋಗಿದೆಯಾ ನೋಡಿ. ಆರು ಗಂಟೆಯಾದರೂ ಒಂದಕ್ಕೆ ಹೋಗಿಲ್ಲ, ಕುಡಿಯಲು ಆಗುತ್ತಿಲ್ಲ, ಕರೆದರೆ ಓಗೊಡುತ್ತಿಲ್ಲ, ಜ್ವರ ಜೋರಾಗಿದೆ, ಭೇದಿಯಲ್ಲಿ ರಕ್ತ ಇದೆ, ಅಕ್ಕಿ ತೊಳೆದ ನೀರಿನಂತೆ ಧಾರಾಕಾರ ಹೋಗುತ್ತಿದೆ ಎಂದಾದರೆ ಬೆಳಗಾಗಲಿ ಎಂದು ಕಾಯಬೇಡಿ. ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರು ಬೇಗ ಕುಸಿಯುತ್ತಾರೆ. ವಯಸ್ಸಾದವರಿಗೆ ಬಾಯಾರಿಕೆಯೇ ತಿಳಿಯುವುದಿಲ್ಲ, ಕೇಳಿದರೆ ಸಾಕು ಅನ್ನುತ್ತಾರೆ. ಕೇಳಬೇಡಿ, ಕೂತು ಕುಡಿಸಿ. ದಾರಿಯುದ್ದಕ್ಕೂ ಚಮಚದಲ್ಲಿ ಓಆರ್‌ಎಸ್ ಕೊಡುತ್ತಲೇ ಹೋಗಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.

ನಮ್ಮ ಟೊಮೆಟೊ, ಕ್ಯಾಪ್ಸಿಕಂ, ದ್ರಾಕ್ಷಿ ಬೆಳೆಯುವ ಊರುಗಳಿಗೆ ಬೇರೆಯೇ ಒಂದು ಎಚ್ಚರಿಕೆ. ತೋಟಕ್ಕೆ ಔಷಧಿ ಹೊಡೆದು ಬಂದವರಿಗೆ, ಅಥವಾ ಔಷಧಿಯ ಡಬ್ಬದ ಹತ್ತಿರ ಆಡಿದ ಮಗುವಿಗೆ ವಾಂತಿ-ಭೇದಿಯ ಜೊತೆ ಜೊಲ್ಲು ಸುರಿಯುವುದು, ವಿಪರೀತ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗುವುದು, ಉಸಿರು ಕಟ್ಟುವುದು ಕಂಡರೆ ಅದು ಊಟದ ವಿಷವಲ್ಲ. ಕೀಟನಾಶಕ ಮೈಗೆ ಹೋಗಿದೆ. ಓಆರ್‌ಎಸ್ ಕಲಸುತ್ತಾ ಕೂರದೆ, ಆ ಬಟ್ಟೆ ಬಿಚ್ಚಿ, ಔಷಧಿಯ ಡಬ್ಬ ಅಥವಾ ಅದರ ಚೀಟಿಯನ್ನು ಕೈಲಿ ಹಿಡಿದು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೊರಡಿ.

ಭೇದಿ ನಿಂತಿದೆ. ಸುಸ್ತು ಮಾತ್ರ ಹೋಗಿಲ್ಲ. ಯಾವಾಗ ಕೆಲಸಕ್ಕೆ ಹೋಗಬಹುದು?

ಕರುಳು ಸುಧಾರಿಸಿಕೊಳ್ಳಲು ಸಮಯ ಬೇಕು. ಮೂರು ನಾಲ್ಕು ದಿನ ಬಿಸಿಲಿನ ಕೆಲಸ ತಪ್ಪಿಸಿ, ಮಜ್ಜಿಗೆ, ಗಂಜಿ, ಹಣ್ಣು ಮುಂದುವರಿಸಿ. ಗಟ್ಟಿಯಾಗಿ ಹೋಗಲು ಶುರುವಾದ ಮೇಲೆ ಓಆರ್‌ಎಸ್ ನಿಲ್ಲಿಸಬಹುದು. ಹೋಟೆಲಿನಲ್ಲಿ, ಶಾಲೆಯ ಬಿಸಿಯೂಟದಲ್ಲಿ, ಮದುವೆ ಅಡುಗೆಯಲ್ಲಿ ಕೆಲಸ ಮಾಡುವವರು ವಾಂತಿ-ಭೇದಿ ಪೂರ್ತಿ ನಿಂತು 48 ಗಂಟೆ ಕಳೆಯುವ ತನಕ ಒಲೆಯ ಹತ್ತಿರ ಹೋಗಬೇಡಿ. ದಿನಗೂಲಿಯವರಿಗೆ ಎರಡು ದಿನ ಬಿಡುವುದು ಎಷ್ಟು ಕಷ್ಟ ಎಂದು ಗೊತ್ತು. ಹಾಗೆ ಬಿಡಲಾಗದಿದ್ದರೆ ತರಕಾರಿ ಹೆಚ್ಚುವುದು, ಬಡಿಸುವುದು ಬೇರೆಯವರಿಗೆ ಕೊಡಿ, ನೀವು ಎಲೆ ಎತ್ತುವ ಕಡೆ ನಿಲ್ಲಿ. ಕಕ್ಕಸಿಗೆ ಹೋಗಿ ಬಂದಾಗೆಲ್ಲ ಸೋಪು ಹಚ್ಚಿ ಕೈ ತೊಳೆಯಿರಿ. ಬರೀ ಸ್ಯಾನಿಟೈಸರ್ ಸಾಲದು.